ಅಪ್ಪ ನೆಟ್ಟ ಆಲದ ಮರ

ಅಪ್ಪ ನೆಟ್ಟ ಆಲದ ಮರವೆಂದು ಯಾರಾದರೂ ಅದಕ್ಕೆ ನೇಣು ಹಾಕಿಕೊಳ್ಳುತ್ತಾರೆಯೇ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಹಿರಿಯರಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ತಪ್ಪು ನಂಬಿಕೆಗೆ ಜೋತುಬೀಳಬಾರದು ಎಂಬುದು ಅದರ ತಾತ್ಪರ್ಯ. ಗಾದೆಯನ್ನು ಹೇಳುವುದು ಸುಲಭ, ನಡೆಸುವುದು ಕಷ್ಟ. ಏಕೆಂದರೆ ಆ ಮರದ ನೆರಳಿನಲ್ಲೇ ನಾವು ಆಡಿ ಬೆಳೆದಿರುತ್ತೇವೆ. ಅದರ ಬುಡದಲ್ಲಿ ದೀಪ ಹಚ್ಚಿ ಕೈಮುಗಿದವರು ನಮ್ಮ ತಂದೆತಾಯಿಗಳೇ ಆಗಿರುತ್ತಾರೆ. ಇನ್ನು ಆ ನಂಬಿಕೆ ಧರ್ಮಗ್ರಂಥದ ಮುದ್ರೆಯನ್ನೂ ಹೊತ್ತು ಬಂದಿದ್ದರೆ ಅದನ್ನು ಪ್ರಶ್ನಿಸುವುದೆಂದರೆ ದೇವರನ್ನೇ ಪ್ರಶ್ನಿಸಿದಂತೆ ತೋರುತ್ತದೆ.

ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡುತ್ತಿದ್ದಾಗ ಯುರೋಪಿನ ಧರ್ಮಸುಧಾರಣೆಯ ಅಧ್ಯಾಯ ಬಂದಾಗಲೆಲ್ಲ ಯಾರಾದರೊಬ್ಬ ವಿದ್ಯಾರ್ಥಿ ಒಂದು ಪ್ರಶ್ನೆಯನ್ನು ಕೇಳಿಯೇ ಕೇಳುತ್ತಿದ್ದ: “ಸಾರ್, ಧರ್ಮ ಮನುಷ್ಯನನ್ನು ಮೂಢನಂಬಿಕೆಯಿಂದ ಬಿಡಿಸುತ್ತದೆಯೋ, ಅಥವಾ ಮೂಢನಂಬಿಕೆಗೆ ಕಟ್ಟಿಹಾಕುತ್ತದೆಯೋ?” ನಲವತ್ತು ನಿಮಿಷದ ಅವಧಿಯಲ್ಲಿ ಈ ಪ್ರಶ್ನೆಗೆ ಪೂರ್ಣ ನ್ಯಾಯ ಒದಗಿಸುವುದು ಸಾಧ್ಯವಿರಲಿಲ್ಲ. ಈಗ ಗಂಟೆ ಬಾರಿಸುವವರು ಯಾರೂ ಇಲ್ಲವಾದ್ದರಿಂದ ಸಾವಕಾಶವಾಗಿ ಬರೆಯುತ್ತಿದ್ದೇನೆ. ಉತ್ತರಕ್ಕಾಗಿ ಒಬ್ಬ ಮನುಷ್ಯನ ಬದುಕನ್ನೇ ಆರಿಸಿಕೊಂಡಿದ್ದೇನೆ. ಅವನ ಹೆಸರು ಸ್ಯಾಮ್ಯುಯೆಲ್ ಸ್ಯೂಯಲ್.

ಸ್ಯೂಯಲ್ ಹುಟ್ಟಿದ್ದು 1652ರಲ್ಲಿ, ಇಂಗ್ಲೆಂಡಿನ ಹ್ಯಾಂಪ್‌ಶೈರ್ ಪ್ರಾಂತ್ಯದಲ್ಲಿ. ಬಾಲಕನಾಗಿದ್ದಾಗಲೇ, 1661ರಲ್ಲಿ, ಕುಟುಂಬದೊಡನೆ ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿಗೆ ಬಂದ. ಹಾರ್ವರ್ಡ್ ಕಾಲೇಜಿನಲ್ಲಿ ಓದಿ 1671ರಲ್ಲಿ ಪದವಿ ಪಡೆದ. ಧರ್ಮೋಪದೇಶಕನಾಗಬೇಕೆಂದಿದ್ದವನು ಬಾಸ್ಟನ್ನಿನ ಸಿರಿವಂತ ಮನೆತನದ ಹೆಣ್ಣನ್ನು ಮದುವೆಯಾಗಿ ವ್ಯಾಪಾರಸ್ಥನಾದ, ಮುಂದೆ ಆಡಳಿತ ಮಂಡಳಿಯ ಸದಸ್ಯನೂ ನ್ಯಾಯಾಧೀಶನೂ ಆದ. ಸುಮಾರು ಐವತ್ತು ವರ್ಷಗಳ ಕಾಲ ದಿನಚರಿ ಬರೆದಿಟ್ಟ. ಆ ದಿನಚರಿ ಉಳಿದುಬಂದಿರುವುದರಿಂದಲೇ ಮುನ್ನೂರು ವರ್ಷಗಳ ಹಿಂದಿನ ಒಬ್ಬನ ಮನಸ್ಸು ಬದಲಾದ ಬಗೆಯನ್ನು ನಾವಿಂದು ಕಾಣಬಹುದಾಗಿದೆ.

ಆ ವಸಾಹತಿನ ಜನರು ಪ್ಯೂರಿಟನ್ ಪಂಥದ ಕ್ರೈಸ್ತರು. ಬೈಬಲ್ಲನ್ನು ಪ್ರತಿದಿನ ಓದುವವರು, ಶ್ರಮಜೀವಿಗಳು, ವಿದ್ಯೆಗೆ ಬೆಲೆ ಕೊಟ್ಟವರು. ಮಾಟಗಾತಿಯರಿದ್ದಾರೆ, ಅವರು ಸೈತಾನನೊಡನೆ ಒಪ್ಪಂದ ಮಾಡಿಕೊಂಡು ನೆರೆಯವರಿಗೆ ಕೇಡು ಮಾಡುತ್ತಾರೆ ಎಂಬ ನಂಬಿಕೆಯನ್ನು ಅವರು ತಾವಾಗಿ ಕಟ್ಟಿಕೊಂಡದ್ದಲ್ಲ. ಅದು ಯುರೋಪಿನಿಂದ ಹಡಗಿನಲ್ಲಿ ಅವರ ಸಾಮಾನಿನ ಜೊತೆಯಲ್ಲೇ ಬಂದ ಪಿತ್ರಾರ್ಜಿತ ಆಸ್ತಿ. ಯುರೋಪಿನಲ್ಲಿ ಹದಿನೈದನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗೆ ಈ ಆರೋಪದ ಮೇಲೆ ಸುಮಾರು 40,000ದಿಂದ 60,000 ಜನರಿಗೆ ಮರಣದಂಡನೆಯಾಯಿತೆಂದು ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ಅವರಲ್ಲಿ ಹೆಚ್ಚಿನವರು ಹೆಂಗಸರು. ಮಾಟಗಾತಿಯನ್ನು ಬದುಕಗೊಡಬಾರದೆನ್ನುವ ಮಾತು ಬೈಬಲ್ಲಿನ ವಿಮೋಚನಕಾಂಡದಲ್ಲಿದೆ. ಅದನ್ನೇ ಆಧಾರವಾಗಿಟ್ಟುಕೊಂಡು ಮ್ಯಾಸಚೂಸೆಟ್ಸಿನ 1641ರ ಕಾನೂನು ಸಂಹಿತೆಯೂ ಮಾಟವನ್ನು ಮರಣದಂಡನೆಗೆ ಅರ್ಹವಾದ ಅಪರಾಧಗಳ ಪಟ್ಟಿಗೆ ಸೇರಿಸಿತ್ತು. ಹೀಗೆ ಹಿರಿಯರ ನಂಬಿಕೆ, ಧರ್ಮಗ್ರಂಥ, ಸರ್ಕಾರದ ಕಾನೂನು ಈ ಮೂರೂ ಒಂದೇ ಹಗ್ಗದ ಮೂರು ಎಳೆಗಳಾಗಿದ್ದವು.

1692ರ ಜನವರಿಯಲ್ಲಿ ಸೇಲಂ ಗ್ರಾಮದ ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸನ ಮನೆಯಲ್ಲಿ ಅವನ ಒಂಬತ್ತು ವರ್ಷದ ಮಗಳೂ ಸಂಬಂಧಿಕಳಾದ ಇನ್ನೊಬ್ಬ ಹುಡುಗಿಯೂ ವಿಚಿತ್ರವಾಗಿ ಕಿರುಚುತ್ತ, ಮೈ ತಿರುಚಿಕೊಳ್ಳುತ್ತ ಬಳಲತೊಡಗಿದರು. ಇದು ಮಾಟದ ಕೆಲಸವೆಂದು ಊರು ತೀರ್ಮಾನಿಸಿತು. ಫೆಬ್ರವರಿಯ ಕೊನೆಯಲ್ಲಿ ಮೂವರು ಹೆಂಗಸರ ಬಂಧನಕ್ಕೆ ಆಜ್ಞೆ ಹೊರಟಿತು. ಒಬ್ಬಳು ಪಾದ್ರಿಯ ಮನೆಯ ಗುಲಾಮಳಾದ ಟಿಟುಬ. ಇನ್ನೊಬ್ಬಳು ಮನೆಮನೆಗೆ ಭಿಕ್ಷೆ ಬೇಡುತ್ತಿದ್ದ ಸಾರಾ ಗುಡ್. ಮತ್ತೊಬ್ಬಳು ಸಾರಾ ಆಸ್ಬರ್ನ್. ಗಮನಿಸಿ, ಇಂಥ ಅನುಮಾನಗಳು ಎಲ್ಲ ಕಾಲದಲ್ಲೂ ಎಲ್ಲ ದೇಶದಲ್ಲೂ ಮೊದಲು ಬೀಳುವುದು ಹೇಳುವವರು ಕೇಳುವವರು ಇಲ್ಲದವರ ಮೇಲೆಯೇ. ಅಲ್ಲಿಂದ ಬೆಂಕಿ ಹಬ್ಬಿ ಕೆಲವೇ ತಿಂಗಳಲ್ಲಿ ನೂರೈವತ್ತಕ್ಕೂ ಹೆಚ್ಚು ಜನ ಆರೋಪಕ್ಕೆ ಗುರಿಯಾದರು.

ಆ ವರ್ಷದ ಮೇ ತಿಂಗಳಲ್ಲಿ ಹೊಸ ಗವರ್ನರ್ ವಿಲಿಯಂ ಫಿಪ್ಸ್ ಒಂದು ವಿಶೇಷ ನ್ಯಾಯಾಲಯವನ್ನು ನೇಮಿಸಿದ. ಅದರ ಮುಖ್ಯಸ್ಥ ಉಪ ಗವರ್ನರ್ ವಿಲಿಯಂ ಸ್ಟೌಟನ್. ನ್ಯಾಯಾಧೀಶರಲ್ಲಿ ನಮ್ಮ ಸ್ಯೂಯಲ್ ಒಬ್ಬ. ಆ ನ್ಯಾಯಾಲಯವು ಒಪ್ಪಿಕೊಂಡ ಸಾಕ್ಷ್ಯದ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು. “ಇವಳ ಛಾಯೆ ರಾತ್ರಿ ಬಂದು ನನ್ನ ಕತ್ತು ಹಿಸುಕಿತು” ಎಂದು ಒಬ್ಬಳು ಹೇಳಿದರೆ ಅದೂ ಸಾಕ್ಷ್ಯವೇ. ಆರೋಪಿ ಆ ಹೊತ್ತಿನಲ್ಲಿ ತನ್ನ ಮನೆಯಲ್ಲಿ ಮಲಗಿದ್ದಳೆಂದು ಹತ್ತು ಜನ ಹೇಳಿದರೂ ಪ್ರಯೋಜನವಿಲ್ಲ. ಬಂದದ್ದು ಶರೀರವಲ್ಲ, ಛಾಯೆ ತಾನೆ! ಹೇಳಿದವಳ ಕಣ್ಣಿಗೆ ಬಿಟ್ಟು ಬೇರಾರಿಗೂ ಕಾಣದ ವಸ್ತುವನ್ನು ಅಲ್ಲಗಳೆಯುವ ಬಗೆ ಹೇಗೆ? ಇನ್ನೂ ಘೋರವಾದ ಸಂಗತಿಯೆಂದರೆ, ತಪ್ಪೊಪ್ಪಿಕೊಂಡವರು ಉಳಿದುಕೊಂಡರು. ನಾನು ನಿರಪರಾಧಿ ಎಂದು ಕೊನೆಯವರೆಗೂ ಸತ್ಯಕ್ಕೆ ಅಂಟಿಕೊಂಡವರು ಗಲ್ಲಿಗೇರಿದರು. ದೇವರೆದುರು ಸುಳ್ಳಾಡಲಾರೆ ಎಂದವರಿಗೇ ದೇವರ ಹೆಸರಿನಲ್ಲಿ ಶಿಕ್ಷೆಯಾಯಿತು.

ಜೂನ್ 10ರಂದು ಬ್ರಿಜೆಟ್ ಬಿಷಪ್ ಎಂಬಾಕೆಯನ್ನು ಗಲ್ಲಿಗೇರಿಸಲಾಯಿತು. ಅದಾದ ಮೇಲೆ ನತಾನಿಯೆಲ್ ಸಾಲ್ಟನ್‌ಸ್ಟಾಲ್ ಎಂಬ ನ್ಯಾಯಾಧೀಶ ಮನಸ್ಸೊಪ್ಪದೆ ಪೀಠದಿಂದ ಹೊರನಡೆದ. ಸ್ಯೂಯಲ್ ಉಳಿದುಕೊಂಡ. ಜುಲೈ 19ರಂದು ಐವರು ಹೆಂಗಸರು. ಅವರಲ್ಲಿ ಎಪ್ಪತ್ತೊಂದು ವರ್ಷದ, ಊರೆಲ್ಲ ಗೌರವಿಸುತ್ತಿದ್ದ ರೆಬೆಕಾ ನರ್ಸ್ ಎಂಬ ಅಜ್ಜಿಯೂ ಇದ್ದಳು. ಆಗಸ್ಟ್ 19ರಂದು ಮತ್ತೆ ಐವರು. ಅವರಲ್ಲೊಬ್ಬ ಜಾರ್ಜ್ ಬರೋಸ್ ಎಂಬ ಧರ್ಮೋಪದೇಶಕ, ಹಾರ್ವರ್ಡಿನಲ್ಲಿ ಸ್ಯೂಯಲ್ಲನಿಗಿಂತ ಒಂದು ವರ್ಷ ಹಿರಿಯ. ಮಾಟಗಾರನಾದವನು ಕ್ರಿಸ್ತನು ಕಲಿಸಿದ ಪ್ರಾರ್ಥನೆಯನ್ನು ತಪ್ಪಿಲ್ಲದೆ ಹೇಳಲಾರ ಎಂಬುದು ಅಂದಿನ ಜನರ ನಂಬಿಕೆ. ಬರೋಸ್ ಗಲ್ಲಿನ ಬಳಿ ನಿಂತು ಅದನ್ನು ಒಂದಕ್ಷರವೂ ತಪ್ಪದೆ ಹೇಳಿದನೆಂದೂ ನೆರೆದವರು ಕಣ್ಣೀರಿಟ್ಟರೆಂದೂ ಸಮಕಾಲೀನ ಲೇಖಕ ರಾಬರ್ಟ್ ಕೇಲೆಫ್ ಬರೆದಿದ್ದಾನೆ. ನಂಬಿಕೆಯವರು ತಾವೇ ಇಟ್ಟ ಪರೀಕ್ಷೆಯಲ್ಲಿ ಅವನು ತೇರ್ಗಡೆಯಾಗಿದ್ದ. ಆದರೂ ಗಲ್ಲು ತಪ್ಪಲಿಲ್ಲ. ಸ್ಯೂಯಲ್ ಅಂದಿನ ದಿನಚರಿಯಲ್ಲಿ, ಬರೋಸನ ಮಾತು ಮತ್ತು ಪ್ರಾರ್ಥನೆಗಳು ವಿಚಾರವಿಲ್ಲದ ಜನರ ಮನಸ್ಸನ್ನು ಕಲಕಿದವು ಎಂಬರ್ಥದ ಒಂದು ಸಾಲು ಬರೆದು ಮುಗಿಸಿದ್ದಾನೆ. ಮರುಗಿದವರು ಅವನ ಕಣ್ಣಿಗೆ ಅವಿವೇಕಿಗಳಾಗಿ ಕಂಡರು. ಪಿತ್ರಾರ್ಜಿತ ನಂಬಿಕೆ ಮೊದಲು ಕಸಿದುಕೊಳ್ಳುವುದು ನಮ್ಮ ಬುದ್ಧಿಯನ್ನಲ್ಲ, ಮರುಕವನ್ನು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಸೆಪ್ಟೆಂಬರ್ 19ರಂದು ವಯೋವೃದ್ಧನಾದ ಗೈಲ್ಸ್ ಕೋರಿಯನ್ನು, ವಿಚಾರಣೆಗೆ ಒಪ್ಪದಿದ್ದುದಕ್ಕಾಗಿ, ಎದೆಯ ಮೇಲೆ ಭಾರವಾದ ಕಲ್ಲುಗಳನ್ನು ಹೇರಿ ಕೊಲ್ಲಲಾಯಿತು. 22ರಂದು ಎಂಟು ಮಂದಿ ಗಲ್ಲಿಗೇರಿದರು. ಅವರಲ್ಲಿ ರೆಬೆಕಾ ನರ್ಸಳ ತಂಗಿ ಮೇರಿ ಈಸ್ಟಿ ಒಬ್ಬಳು. ಸಾಯುವ ಮೊದಲು ಅವಳು ನ್ಯಾಯಾಲಯಕ್ಕೆ ಒಂದು ಮನವಿ ಬರೆದುಕೊಂಡಳು. ತನ್ನ ಪ್ರಾಣವನ್ನು ಉಳಿಸಿರೆಂದು ಅವಳು ಬೇಡಲಿಲ್ಲ. ತಾನು ಸಾಯಲೇಬೇಕೆಂದು ತನಗೆ ಗೊತ್ತು, ಇನ್ನು ಮುಂದಾದರೂ ನಿರಪರಾಧಿಗಳ ರಕ್ತ ಹರಿಯದಂತೆ ನೋಡಿಕೊಳ್ಳಿ ಎಂದಷ್ಟೇ ಕೇಳಿಕೊಂಡಳು. ಅದೇ ಧರ್ಮ, ಅದೇ ಗ್ರಂಥ, ಅದೇ ದೇವರು. ಪೀಠದ ಮೇಲಿದ್ದ ವಿದ್ವಾಂಸರಿಗೆ ಕಾಣದ ಅದರ ಒಳತಿರುಳು ಕಟಕಟೆಯಲ್ಲಿ ನಿಂತ ಹಳ್ಳಿಯ ಹೆಂಗಸಿಗೆ ಕಂಡಿತ್ತು.

ಒಟ್ಟು ಹತ್ತೊಂಬತ್ತು ಜನ ಗಲ್ಲಿಗೇರಿದ್ದರು. ಕನಿಷ್ಠ ಐವರು ಸೆರೆಮನೆಯಲ್ಲೇ ತೀರಿಕೊಂಡರು. ಅಕ್ಟೋಬರಿನಲ್ಲಿ ಪಾದ್ರಿ ಇಂಕ್ರೀಸ್ ಮ್ಯಾದರ್ ಛಾಯಾಸಾಕ್ಷ್ಯವನ್ನು ನಂಬಬಾರದೆಂದು ಗ್ರಂಥವನ್ನೇ ಬರೆದ. ಒಬ್ಬ ನಿರಪರಾಧಿ ಸಾಯುವುದಕ್ಕಿಂತ ಅನುಮಾನಕ್ಕೊಳಗಾದ ಹತ್ತು ಮಂದಿ ತಪ್ಪಿಸಿಕೊಳ್ಳುವುದು ಮೇಲು ಎಂಬುದು ಅವನ ನಿಲುವು. ಅದೇ ತಿಂಗಳ ಕೊನೆಯಲ್ಲಿ ಗವರ್ನರ್ ಆ ನ್ಯಾಯಾಲಯವನ್ನು ಮುಚ್ಚಿದ. 1693ರಲ್ಲಿ ಹೊಸ ನ್ಯಾಯಾಲಯವು ಛಾಯಾಸಾಕ್ಷ್ಯವನ್ನು ಬದಿಗಿಟ್ಟ ಕೂಡಲೇ ಹೆಚ್ಚುಕಡಿಮೆ ಎಲ್ಲರೂ ಬಿಡುಗಡೆಯಾದರು. ಉಳಿದವರಿಗೆ ಗವರ್ನರ್ ಕ್ಷಮಾದಾನ ನೀಡಿದ.

ಇಲ್ಲಿಗೆ ಪ್ರಕರಣ ಮುಗಿಯಿತು ಎಂದುಕೊಂಡರು ಹಲವರು. ಆದರೆ ಸ್ಯೂಯಲ್ಲನ ಮನಸ್ಸಿನಲ್ಲಿ ಅದು ಆಗ ತಾನೇ ಆರಂಭವಾಗಿತ್ತು. 1696ರಲ್ಲಿ ಅವನ ಮನೆಯಲ್ಲಿ ಸಾವಿನ ಮೇಲೆ ಸಾವು ಸಂಭವಿಸಿತು. ಮೇ ತಿಂಗಳಲ್ಲಿ ಗಂಡುಮಗು ಸತ್ತೇ ಹುಟ್ಟಿತು. ಡಿಸೆಂಬರ್ 23ರಂದು ಎರಡು ವರ್ಷದ ಮಗಳು ಸಾರಾ ತೀರಿಕೊಂಡಳು. ಮರುದಿನ ಮನೆಯವರು ಕೂಡಿ ಬೈಬಲ್ ಓದುತ್ತಿದ್ದಾಗ ಮಗನು ಲ್ಯಾಟಿನ್ನಿನಲ್ಲಿ ಮತ್ತಾಯನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯವನ್ನು ಓದಿದ. ದೇವರಿಗೆ ಬೇಕಾದುದು ಬಲಿಯಲ್ಲ, ಕರುಣೆ. ಈ ಮಾತಿನ ಅರ್ಥ ತಿಳಿದಿದ್ದರೆ ನೀವು ನಿರಪರಾಧಿಗಳನ್ನು ಅಪರಾಧಿಗಳೆನ್ನುತ್ತಿರಲಿಲ್ಲ ಎಂದು ಯೇಸು ಫರಿಸಾಯರಿಗೆ ಹೇಳುವ ಸಂದರ್ಭವದು. ಆ ಮಾತು ತನಗೆ ಸೇಲಂನ ದುರಂತವನ್ನು ಭಯಂಕರವಾಗಿ ನೆನಪಿಗೆ ತಂದಿತೆಂದು ಸ್ಯೂಯಲ್ ದಿನಚರಿಯಲ್ಲಿ ಬರೆದಿದ್ದಾನೆ.

ಮಾಟಗಾತಿಯನ್ನು ಉಳಿಸಬೇಡ ಎಂಬ ಒಂದು ಮಾತನ್ನು ಹಿಡಿದು ಅವನು ಪೀಠದ ಮೇಲೆ ಕುಳಿತಿದ್ದ. ಅದೇ ಗ್ರಂಥದ ಇನ್ನೊಂದು ಮಾತು ಈಗ ಅವನನ್ನು ಕಟಕಟೆಗೆ ಕರೆಯಿತು. ಯಾವ ಮಾತಿನ ಬೆಳಕಿನಲ್ಲಿ ಯಾವ ಮಾತನ್ನು ಓದಬೇಕು ಎಂಬುದೇ ಧರ್ಮಗ್ರಂಥವುಳ್ಳ ಪ್ರತಿಯೊಂದು ಸಮಾಜದ ಮುಂದಿರುವ ಪ್ರಶ್ನೆ. ಕರುಣೆಯ ಮಾತಿನಿಂದ ದಂಡನೆಯ ಮಾತನ್ನು ಅಳೆಯಬೇಕೇ ಹೊರತು ದಂಡನೆಯ ಮಾತಿನಿಂದ ಕರುಣೆಯನ್ನಲ್ಲ ಎಂಬುದನ್ನು ಸ್ಯೂಯಲ್ ಮಗುವಿನ ಶವದ ಮುಂದೆ ಕಲಿತ.

1697ರ ಜನವರಿ 14ನ್ನು ಮ್ಯಾಸಚೂಸೆಟ್ಸಿನ ಸರ್ಕಾರ ಸೇಲಂನ ದುರಂತಕ್ಕಾಗಿ ಉಪವಾಸ ಪ್ರಾರ್ಥನೆಯ ದಿನವೆಂದು ಘೋಷಿಸಿತ್ತು. ಅಂದು ಬಾಸ್ಟನ್ನಿನ ತನ್ನ ಚರ್ಚಿನಲ್ಲಿ ಸ್ಯೂಯಲ್ ಪಾದ್ರಿ ಸ್ಯಾಮ್ಯುಯೆಲ್ ವಿಲರ್ಡನ ಕೈಗೆ ಒಂದು ಚೀಟಿಯನ್ನು ಕೊಟ್ಟ. ವಿಲರ್ಡ್ ಅದನ್ನು ಓದುತ್ತಿರುವಷ್ಟು ಹೊತ್ತು ಸಭೆಯ ನಡುವೆ ಎಲ್ಲರಿಗೂ ಕಾಣುವಂತೆ ಎದ್ದು ನಿಂತಿದ್ದ. ಮುಗಿದ ಮೇಲೆ ತಲೆಬಾಗಿದ. ಸೇಲಂ ನ್ಯಾಯಾಲಯದ ಪಾಪದಲ್ಲಿ ತನ್ನ ಪಾಲು ದೊಡ್ಡದೆಂದೂ, ಅದರ ದೋಷವನ್ನೂ ಅವಮಾನವನ್ನೂ ತಾನು ಹೊತ್ತುಕೊಳ್ಳುವುದಾಗಿಯೂ, ಮನುಷ್ಯರು ತನ್ನನ್ನು ಕ್ಷಮಿಸಬೇಕೆಂದೂ, ತನ್ನ ಪಾಪದ ಫಲ ತನ್ನ ಮನೆಯವರ ಮೇಲೂ ನಾಡಿನ ಮೇಲೂ ಬೀಳದಂತೆ ದೇವರು ಕಾಯಬೇಕೆಂದೂ ಆ ಚೀಟಿಯಲ್ಲಿ ಕೇಳಿಕೊಂಡಿದ್ದ. ಕಾನೂನು ಹಾಗಿತ್ತು, ಸಾಕ್ಷಿಗಳು ಹಾಗೆ ಹೇಳಿದರು, ಹಿರಿಯರೂ ಹಾಗೇ ಮಾಡುತ್ತಿದ್ದರು ಎಂದು ಅವನು ಹೇಳಬಹುದಿತ್ತು, ಹೇಳಲಿಲ್ಲ. ಅದೇ ವರ್ಷ ಹನ್ನೆರಡು ಮಂದಿ ಪಂಚರೂ ಕ್ಷಮೆ ಬೇಡಿ ಪತ್ರ ಬರೆದರು. ಮುಖ್ಯ ನ್ಯಾಯಾಧೀಶ ಸ್ಟೌಟನ್ ಮಾತ್ರ ಸಾಯುವವರೆಗೂ ಪಶ್ಚಾತ್ತಾಪ ಪಡಲಿಲ್ಲ. ಅವನೂ ಅದೇ ಬೈಬಲ್ಲನ್ನು ಓದಿದವನೇ.

ಇಲ್ಲಿ ಎರಡು ಎಚ್ಚರಿಕೆಯ ಮಾತು ಹೇಳದಿದ್ದರೆ ಇತಿಹಾಸಕ್ಕೆ ಅಪಚಾರವಾದೀತು. ಮೊದಲನೆಯದು, ಸ್ಯೂಯಲ್ ಮಾಟವೇ ಸುಳ್ಳು ಎಂದು ಆ ಚೀಟಿಯಲ್ಲಿ ಹೇಳಲಿಲ್ಲ. ಅವನು ಕಳಚಿಕೊಂಡದ್ದು, ಕಾಣದ ಛಾಯೆಯ ಆಧಾರದ ಮೇಲೆ ಕಾಣುವ ಮನುಷ್ಯನನ್ನು ಕೊಲ್ಲುವ ಅಧಿಕಾರ ತನಗಿದೆಯೆಂಬ ನಂಬಿಕೆಯನ್ನು. ಎರಡನೆಯದು, ಮಕ್ಕಳ ಸಾವನ್ನು ದೇವರ ಶಿಕ್ಷೆಯೆಂದು ಅವನು ತಿಳಿದದ್ದೂ ಒಂದು ಹಳೆಯ ನಂಬಿಕೆಯೇ. ವೈದ್ಯಕೀಯ ಬೆಳೆದಿರದ ಆ ಕಾಲದಲ್ಲಿ ಎಳೆಯ ಮಕ್ಕಳು ಎಲ್ಲರ ಮನೆಗಳಲ್ಲೂ ಸಾಯುತ್ತಿದ್ದರು. ಹಸುಗೂಸಿನ ಸಾವಿಗೂ ತಂದೆಯ ತೀರ್ಪಿಗೂ ನಂಟು ಕಟ್ಟುವುದನ್ನು ನಾವು ಒಪ್ಪಬೇಕಾಗಿಲ್ಲ. ಮನುಷ್ಯ ಹಳೆಯ ನಂಬಿಕೆಗಳನ್ನು ಹಾವು ಪೊರೆ ಬಿಟ್ಟಂತೆ ಒಂದೇ ಸಲಕ್ಕೆ ಕಳಚುವುದಿಲ್ಲ. ಒಂದನ್ನು ಬಿಡುವಾಗ ಇನ್ನೊಂದರ ಆಸರೆ ಹಿಡಿದಿರುತ್ತಾನೆ.

ಒಂದು ಗಂಟು ಸಡಿಲವಾದ ಮೇಲೆ ಮತ್ತೊಂದನ್ನೂ ಮುಟ್ಟಿನೋಡುವ ಧೈರ್ಯ ಬರುತ್ತದೆ. 1700ರಲ್ಲಿ ಸ್ಯೂಯಲ್ ‘ಯೋಸೇಫನ ಮಾರಾಟ’ ಎಂಬರ್ಥದ ಹೆಸರಿನ ಕಿರುಪುಸ್ತಕವನ್ನು ಅಚ್ಚುಹಾಕಿಸಿದ. ಗುಲಾಮಗಿರಿಯನ್ನು ವಿರೋಧಿಸಿ ನ್ಯೂ ಇಂಗ್ಲೆಂಡಿನಲ್ಲಿ ಮುದ್ರಣಗೊಂಡ ಮೊದಲ ಪುಸ್ತಿಕೆ ಅದು. ಯೋಸೇಫನನ್ನು ಅವನ ಅಣ್ಣಂದಿರು ಇಪ್ಪತ್ತು ಬೆಳ್ಳಿ ನಾಣ್ಯಗಳಿಗೆ ಮಾರಿದ ಕಥೆ ಬೈಬಲ್ಲಿನಲ್ಲಿದೆ. ಮಾರುವ ಹಕ್ಕು ಆ ಅಣ್ಣಂದಿರಿಗೆ ಇಲ್ಲದಿದ್ದರೆ ನಮಗೆಲ್ಲಿಂದ ಬಂತು ಎಂಬುದು ಅವನ ವಾದದ ಸಾರ. ಎಲ್ಲ ಮನುಷ್ಯರೂ ಆದಾಮನ ಮಕ್ಕಳಾದ್ದರಿಂದ ಸ್ವಾತಂತ್ರ್ಯದ ಮೇಲೆ ಎಲ್ಲರಿಗೂ ಸಮಾನ ಹಕ್ಕಿದೆಯೆಂದು ಅವನು ಬರೆದ. ಆಫ್ರಿಕದ ಜನರು ನೋಹನ ಶಾಪಕ್ಕೆ ಒಳಗಾದ ಸಂತತಿ, ಆದ್ದರಿಂದ ದಾಸ್ಯವೇ ಅವರ ಹಣೆಬರಹ ಎಂಬ ಹಳೆಯ ನಂಬಿಕೆಯನ್ನು ಎತ್ತಿಕೊಂಡು, ಶಾಪ ಬಿದ್ದದ್ದು ಕಾನಾನನ ಮೇಲೆ, ಆಫ್ರಿಕದವರು ಕಾನಾನನ ವಂಶದವರಲ್ಲ ಎಂದು ಅದೇ ಗ್ರಂಥದಿಂದಲೇ ಖಂಡಿಸಿದ. ಜಾನ್ ಸಾಫಿನ್ ಎಂಬ ಇನ್ನೊಬ್ಬ ನ್ಯಾಯಾಧೀಶ 1701ರಲ್ಲಿ ಇದಕ್ಕೆ ವಿರುದ್ಧವಾಗಿ ಪುಸ್ತಿಕೆ ಬರೆದ. ಬಿಡುಗಡೆ ಮಾಡುತ್ತೇನೆಂದು ತನ್ನ ಗುಲಾಮ ಆಡಮ್ ಎಂಬವನಿಗೆ ಮಾತು ಕೊಟ್ಟು ತಪ್ಪಿದವನು ಈ ಸಾಫಿನ್. ಆಡಮ್ ನ್ಯಾಯಾಲಯದಲ್ಲಿ ಹೋರಾಡಿ 1703ರಲ್ಲಿ ಸ್ವತಂತ್ರನಾದ.

ಈ ಪುಸ್ತಿಕೆಯಲ್ಲೂ ಕೊರತೆಯಿದೆ. ಆಫ್ರಿಕದವರು ಬಿಳಿಯರೊಡನೆ ಬೆರೆತು ಒಂದಾಗಲಾರರು ಎಂಬ ಮಾತನ್ನೂ ಸ್ಯೂಯಲ್ ಅದರಲ್ಲಿ ಬರೆದಿದ್ದಾನೆ. ಅವನ ಮಾತನ್ನು ಅಂದು ಬಹಳ ಜನ ಕೇಳಲೂ ಇಲ್ಲ. ಮ್ಯಾಸಚೂಸೆಟ್ಸಿನ ನ್ಯಾಯಾಲಯ ಗುಲಾಮಗಿರಿ ಸಲ್ಲದೆಂದದ್ದು 1783ರಲ್ಲಿ, ಅವನು ತೀರಿಕೊಂಡು ಐವತ್ತಮೂರು ವರ್ಷಗಳ ಮೇಲೆ. ಅದು ಹಾಗೆಯೇ. ನೆಲ ಉಳುವವನೊಬ್ಬ, ಬೆಳೆ ಕಾಣುವವನು ಮತ್ತೊಬ್ಬ.

ಇದೇ ಹಾದಿಯನ್ನು ಅವನಿಗಿಂತ ಮೊದಲೇ ತುಳಿದ ಮತ್ತೊಬ್ಬನನ್ನು ಇಲ್ಲಿ ನೆನೆಯಬೇಕು. ಅವನು ಜರ್ಮನಿಯ ಫ್ರೀಡ್ರಿಖ್ ಸ್ಪೇ, ಜೆಸ್ವಿಟ್ ಸಂಘದ ಪಾದ್ರಿ, ಕವಿ. ಮಾಟದ ಆರೋಪ ಹೊತ್ತವರು ಚಿತ್ರಹಿಂಸೆಯಿಂದಲೇ ತಪ್ಪೊಪ್ಪಿಕೊಳ್ಳುತ್ತಾರೆ, ಆ ಹಿಂಸೆ ಕೊಟ್ಟರೆ ನ್ಯಾಯಾಧೀಶರೂ ಪಾದ್ರಿಗಳೂ ಕೂಡ ಮಾಟಗಾರರೆಂದು ಒಪ್ಪಿಕೊಂಡಾರು ಎಂದು ವಾದಿಸಿ 1631ರಲ್ಲಿ ತನ್ನ ಹೆಸರು ಹಾಕದೆ ಒಂದು ಗ್ರಂಥವನ್ನು ಹೊರತಂದ. ವಯಸ್ಸಿಗೆ ಮೊದಲೇ ನಿಮ್ಮ ಕೂದಲು ಏಕೆ ನರೆತಿದೆ ಎಂದು ಯೋಹಾನ್ ಫಿಲಿಪ್ ಶೋನ್‌ಬೋರ್ನ್ ಎಂಬ ತರುಣ ಕೇಳಿದಾಗ, ನಿರಪರಾಧಿಗಳೆಂದು ತಿಳಿದೂ ಅವರನ್ನು ವಧಾಸ್ಥಾನಕ್ಕೆ ಕರೆದೊಯ್ಯಬೇಕಾಗಿ ಬಂದ ದುಃಖದಿಂದ ಎಂದು ಸ್ಪೇ ಉತ್ತರಿಸಿದನೆಂದು ತತ್ತ್ವಜ್ಞಾನಿ ಲೈಬ್ನಿಟ್ಸ್ ಬರೆದಿದ್ದಾನೆ. ಆ ತರುಣ ಮುಂದೆ ಮೈನ್ಸ್‌ನ ಆರ್ಚ್‌ಬಿಷಪ್ ಆಗಿ ತನ್ನ ಸೀಮೆಯಲ್ಲಿ ಇಂಥ ವಿಚಾರಣೆಗಳನ್ನು ನಿಲ್ಲಿಸಿದ. ಸ್ಪೇ ಸಾಯುವವರ ಪಕ್ಕದಲ್ಲಿ ಕುಳಿತು ಅವರ ಮಾತನ್ನು ಆಲಿಸಿದ್ದರಿಂದ ಬದಲಾದ. ಸ್ಯೂಯಲ್ ಅವರು ಸತ್ತ ಮೇಲೆ ಬದಲಾದ. ಇಬ್ಬರನ್ನೂ ಬದಲಿಸಿದ್ದು ಅವರು ಹೊಸದಾಗಿ ಓದಿದ ಶಾಸ್ತ್ರವಲ್ಲ, ಮೊದಲಿನಿಂದಲೂ ತಮ್ಮ ಬಾಯಲ್ಲಿದ್ದ ಪ್ರಾರ್ಥನೆಯ ಅರ್ಥ ಕಡೆಗೊಮ್ಮೆ ಮನಸ್ಸಿಗೆ ಇಳಿದದ್ದು.

ಸೇಲಂನ ಸಾಲ ತೀರಲು ಬಹಳ ಕಾಲ ಹಿಡಿಯಿತು. 1706ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ ಹಲವರ ಮೇಲೆ ದೂರು ಹೇಳಿದ್ದ ಆನ್ ಪಟ್ನಮ್ ಅದೇ ಗ್ರಾಮದ ಚರ್ಚಿನಲ್ಲಿ ನಿಂತು ಕ್ಷಮೆ ಕೇಳಿದಳು. 1711ರಲ್ಲಿ ಶಾಸನಸಭೆ ಹಲವರ ಮೇಲಿನ ತೀರ್ಪನ್ನು ರದ್ದುಪಡಿಸಿ, ಕುಟುಂಬಗಳಿಗೆ ಒಟ್ಟು 578 ಪೌಂಡ್ 12 ಶಿಲ್ಲಿಂಗ್ ಪರಿಹಾರ ನೀಡಿತು. 1712ರಲ್ಲಿ ಸೇಲಂನ ಚರ್ಚು ರೆಬೆಕಾ ನರ್ಸಳ ಮೇಲೆ ಹಾಕಿದ್ದ ಬಹಿಷ್ಕಾರವನ್ನು ಹಿಂತೆಗೆದುಕೊಂಡಿತು. ಕೊನೆಯದಾಗಿ ಉಳಿದ ಹೆಸರು ಎಲಿಜಬೆತ್ ಜಾನ್ಸನ್. ಅವಳಿಗೆ 1693ರಲ್ಲಿ ಮರಣದಂಡನೆ ವಿಧಿಸಿದ್ದರೂ ಅದು ಜಾರಿಯಾಗಲಿಲ್ಲ. ಆದರೆ ಕಳಂಕ ಮಾತ್ರ ಕಾಗದದಲ್ಲಿ ಹಾಗೇ ಉಳಿದಿತ್ತು. ಮ್ಯಾಸಚೂಸೆಟ್ಸಿನ ಒಂದು ಶಾಲೆಯ ಎಂಟನೆಯ ತರಗತಿಯ ಮಕ್ಕಳು ತಮ್ಮ ಉಪಾಧ್ಯಾಯಿನಿಯ ಮಾರ್ಗದರ್ಶನದಲ್ಲಿ ದಾಖಲೆಗಳನ್ನು ಹುಡುಕಿ, ಶಾಸಕರಿಗೆ ಪತ್ರ ಬರೆದು, ಪಟ್ಟುಬಿಡದೆ ಪ್ರಯತ್ನಿಸಿ, 2022ರಲ್ಲಿ ಅವಳ ಹೆಸರನ್ನೂ ನಿರ್ದೋಷಿಗಳ ಪಟ್ಟಿಗೆ ಸೇರಿಸುವಂತೆ ಮಾಡಿದರು. ಮುನ್ನೂರ ಇಪ್ಪತ್ತೊಂಬತ್ತು ವರ್ಷಗಳ ಮೇಲೆ! ಉಪಾಧ್ಯಾಯ ವೃತ್ತಿಯಲ್ಲಿ ಬಾಳು ಕಳೆದ ನನ್ನಂಥವನಿಗೆ ಇದಕ್ಕಿಂತ ಸಂತೋಷದ ಸುದ್ದಿ ಯಾವುದಿದೆ?

ಇದು ಯಾವುದೋ ದೂರದ ದೇಶದ, ಯಾರೋ ಪರಧರ್ಮೀಯರ ಕಥೆ ಎಂದು ನಾವು ನಿಟ್ಟುಸಿರು ಬಿಟ್ಟು ಕೂರುವಂತಿಲ್ಲ. ಬಾನಾಮತಿ, ಮಾಟ, ಮದ್ದು ಹಾಕುವುದು ಎಂಬ ಹೆಸರುಗಳಲ್ಲಿ ನಮ್ಮ ನಾಡಿನಲ್ಲೂ ಒಂಟಿ ಹೆಂಗಸರು, ಬಡವರು, ವಿಧವೆಯರು ಪಟ್ಟ ಪಾಡು ಕಡಿಮೆಯದಲ್ಲ. ಕರ್ನಾಟಕದ ಶಾಸನಸಭೆ ಅಮಾನವೀಯ ದುಷ್ಟ ಪದ್ಧತಿಗಳನ್ನೂ ಮಾಟಮಂತ್ರಗಳನ್ನೂ ತಡೆಯುವ ಕಾಯಿದೆಯನ್ನು 2017ರಲ್ಲಿ ಅಂಗೀಕರಿಸಿತು. 2020ರಲ್ಲಿ ಅದು ಜಾರಿಗೆ ಬಂದಿತು. ಕಾಯಿದೆ ಕೈಯನ್ನು ತಡೆಯಬಲ್ಲದು. ಮನಸ್ಸಿನೊಳಗಿನ ಅನುಮಾನವನ್ನು ತೆಗೆಯುವ ಕೆಲಸ ಮನೆಯಲ್ಲಿ, ಶಾಲೆಯಲ್ಲಿ, ದೇವರ ಮುಂದೆ ಕೂತಾಗ ಆಗಬೇಕು.

ಇನ್ನು ಆ ವಿದ್ಯಾರ್ಥಿಗಳ ಪ್ರಶ್ನೆಗೆ ಬರುತ್ತೇನೆ. ಧರ್ಮ ಬಿಡಿಸುತ್ತದೆಯೋ, ಕಟ್ಟಿಹಾಕುತ್ತದೆಯೋ? ಸೇಲಂನಲ್ಲಿ ಅದು ಎರಡನ್ನೂ ಮಾಡಿತು. ಸ್ಟೌಟನ್ ಮತ್ತು ಸ್ಯೂಯಲ್ ಒಂದೇ ಪೀಠದಲ್ಲಿ ಕುಳಿತವರು, ಒಂದೇ ಗ್ರಂಥಕ್ಕೆ ತಲೆಬಾಗಿದವರು. ಒಬ್ಬನಿಗೆ ಶ್ರದ್ಧೆಯೆಂದರೆ ತಾನು ಸರಿ ಎಂಬ ಭರವಸೆ. ಇನ್ನೊಬ್ಬನಿಗೆ ತಾನು ತಪ್ಪಿರಬಹುದು ಎಂಬ ಭಯ. ಬಿಡುಗಡೆಯ ಬಾಗಿಲು ತೆರೆದದ್ದು ಎರಡನೆಯವನಿಗೆ. ಹಿರಿಯರನ್ನು ಗೌರವಿಸಿ, ಅವರು ಬಿಟ್ಟುಹೋದ ನಂಬಿಕೆಗಳಲ್ಲಿ ಯಾವುದು ಯಾರ ಕೊರಳಿಗೆ ಉರುಳಾಗಿದೆ ಎಂಬುದನ್ನೂ ಪರೀಕ್ಷಿಸಿ. ಉರುಳಾಗಿದ್ದರೆ ಅದನ್ನು ಬಿಚ್ಚುವುದು ಹಿರಿಯರಿಗೆ ಮಾಡುವ ಅವಮಾನವಲ್ಲ. ಅವರು ಬದುಕಿದ್ದರೆ ಅವರೇ ಬಿಚ್ಚುತ್ತಿದ್ದರು ಎಂದು ನಂಬುವುದೇ ಅವರಿಗೆ ಸಲ್ಲಿಸುವ ನಿಜವಾದ ಗೌರವ.